ಬಿಸಿಲು, ಮಳೆ ಮತ್ತು ಮುನಿಸಿಪಾಲಿಟಿ

(ಮಾಯಸಂದ್ರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)



ನೀವು ನನಗೆ ಕೊಟ್ಟಿರುವ ವಿಷಯ ‘ಹವಾಮಾನ ಬದಲಾವಣೆ ಮತ್ತು ಸ್ಥಳೀಯ ಸರ್ಕಾರಗಳು’. ಹೆಸರು ಕೇಳಿದ ತಕ್ಷಣ ಹಿಂದಿನ ಸಾಲಿನಲ್ಲಿ ಇಬ್ಬರು ಆಕಳಿಸಿದರು. ಅವರದ್ದೇನೂ ತಪ್ಪಿಲ್ಲ. ಈ ಮಾತು ನಮ್ಮ ಹತ್ತಿರ ಬರುವಾಗಲೆಲ್ಲ ಕರಗುವ ಹಿಮದ ಮೇಲೆ ನಿಂತ ಕರಡಿಯ ಚಿತ್ರ ಹಿಡಿದುಕೊಂಡೇ ಬರುತ್ತೆ. ಭೂಮಿ ಇಲ್ಲ, ಕೆಲಸ ಇಲ್ಲ, ಸ್ಕಾಲರ್‌ಶಿಪ್ ಬಂದಿಲ್ಲ, ಇದರ ಮಧ್ಯೆ ಕರಡಿ ಚಿಂತೆ ಯಾಕಪ್ಪ ಅಂತ ಅನ್ನಿಸುವುದು ಸಹಜ. ಆದ್ದರಿಂದ ಕರಡಿಯನ್ನು ಅಲ್ಲೇ ಬಿಟ್ಟು, ಕೊಳಾಯಿ, ಚರಂಡಿ, ಮನೆ ಮೇಲಿನ ಶೀಟು, ಈ ಮೂರರ ಬಗ್ಗೆ ಮಾತಾಡ್ತೀನಿ. ಹವಾಮಾನ ಬದಲಾವಣೆ ಅನ್ನುವುದು ನಮ್ಮ ಕೇರಿಗೆ ಈ ಮೂರರ ಮೂಲಕವೇ ಬರುವುದು.

ಮೊದಲು ವಿಜ್ಞಾನದ ಎರಡು ಮಾತು. ಕಲ್ಲಿದ್ದಲು, ಡೀಸೆಲ್, ಪೆಟ್ರೋಲು ಸುಟ್ಟ ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಸೇರಿ ಕಂಬಳಿ ಹೊದಿಸಿದ ಹಾಗೆ ಶಾಖವನ್ನು ಹಿಡಿದಿಡುತ್ತೆ. 19ನೇ ಶತಮಾನದ ಕೊನೆಯ ಸರಾಸರಿಗೆ ಹೋಲಿಸಿದರೆ 2024ನೇ ಇಸವಿಯಲ್ಲಿ ಭೂಮಿಯ ಶಾಖ ಸುಮಾರು 1.55 ಡಿಗ್ರಿ ಹೆಚ್ಚಿತ್ತು ಅಂತ ವಿಶ್ವ ಹವಾಮಾನ ಸಂಸ್ಥೆ ಲೆಕ್ಕ ಹಾಕಿದೆ. ಒಂದೂವರೆ ಡಿಗ್ರಿ ಏನು ಮಹಾ ಅಂತ ಕೇಳಬೇಡಿ. ಶಾಖ ಒಂದು ಡಿಗ್ರಿ ಏರಿದರೆ ಗಾಳಿ ಶೇ. 7ರಷ್ಟು ಹೆಚ್ಚು ತೇವಾಂಶ ಹಿಡಿದುಕೊಳ್ಳುತ್ತೆ. ಹಿಡಿದುಕೊಂಡದ್ದನ್ನು ನಿಧಾನವಾಗಿ ಬಿಡೋದಿಲ್ಲ, ಒಂದೇ ಸಲ ಸುರೀತದೆ. ಹಾಗಾಗಿ ತಿಂಗಳುಗಟ್ಟಲೆ ಮಳೆ ಇಲ್ಲ, ಆಮೇಲೆ ಒಂದೇ ರಾತ್ರಿ ತಿಂಗಳ ಮಳೆ. ಬರ ಮತ್ತು ನೆರೆ ಎರಡೂ ಒಂದೇ ತಾಯಿಯ ಮಕ್ಕಳು.

ಈ ಹೊಗೆ ಬಿಟ್ಟವರು ಯಾರು? ಅಮೆರಿಕಾದವನೊಬ್ಬ ವರ್ಷಕ್ಕೆ ಸುಮಾರು 14 ಟನ್ ಬಿಟ್ಟರೆ ಭಾರತದವನ ಸರಾಸರಿ ಸುಮಾರು 2 ಟನ್. ಆ ಎರಡು ಟನ್ನಿನಲ್ಲೂ ಎ.ಸಿ. ಹಾಕಿಕೊಂಡವನದ್ದು ಎಷ್ಟು, ತೆಂಗಿನ ಮಟ್ಟೆ ಸುಲಿಯುವವನದ್ದು ಎಷ್ಟು ಅಂತ ಬಿಡಿಸಿ ನೋಡಬೇಕು. ಸರಾಸರಿ ಅನ್ನುವುದು ಉಳ್ಳವರಿಗೆ ಬಹಳ ಅನುಕೂಲವಾದ ಲೆಕ್ಕ.

ಇನ್ನು ಪಟ್ಟಣದ ವಿಷಯ ಮಾಯಸಂದ್ರದಲ್ಲಿ ಯಾಕೆ? ಮಾಯಸಂದ್ರ ಹೋಬಳಿ ಕೇಂದ್ರ, ಪಂಚಾಯಿತಿಯ ಊರು. ಆದರೆ ಇಲ್ಲಿ ಕೂತಿರುವ ನೀವೆಲ್ಲ ಇನ್ನು ಐದು ವರ್ಷಕ್ಕೆ ಎಲ್ಲಿರ್ತೀರಿ? ತುರುವೇಕೆರೆಯಲ್ಲೋ, ತಿಪಟೂರಲ್ಲೋ, ತುಮಕೂರಲ್ಲೋ, ಬೆಂಗಳೂರಿನ ಪೀಣ್ಯದಲ್ಲೋ. ಹಳ್ಳಿಯನ್ನು ಹೊಗಳುವವರಿಗೆ ಬಾಬಾ ಸಾಹೇಬರು 1948ರಲ್ಲಿ ಸಂವಿಧಾನ ಸಭೆಯಲ್ಲೇ ಉತ್ತರ ಕೊಟ್ಟರು. ಹಳ್ಳಿ ನಮಗೆ ಏನು ಕೊಟ್ಟಿದೆ ಅಂತ ಅವರಿಗೆ ಗೊತ್ತಿತ್ತು. ನಾವು ಪಟ್ಟಣಕ್ಕೆ ಹೋದದ್ದು ಬಿಡುಗಡೆಗೆ. ಆದರೆ ಪಟ್ಟಣವೂ ನಮಗಾಗಿ ಒಂದು ಕೇರಿಯನ್ನು ಎತ್ತಿಟ್ಟಿರುತ್ತೆ. ಎಲ್ಲಿ? ಕೆರೆಯ ಕೋಡಿ ಹಳ್ಳದ ಪಕ್ಕ, ರೈಲು ಹಳಿ ಪಕ್ಕ, ಕಸ ಸುರಿಯುವ ಜಾಗದ ಪಕ್ಕ, ಊರಿನ ತಗ್ಗಿನಲ್ಲಿ. ಊರಿನ ನೀರೆಲ್ಲ ಹರಿದು ಬರುವ ಕಡೆ ನಮ್ಮ ಮನೆ. ಇದು ಪ್ರಕೃತಿ ಮಾಡಿದ್ದಲ್ಲ. ಯಾರೋ ಕೂತು ನಕಾಶೆ ಹಾಕಿ, ಜಾಗ ತೋರಿಸಿ ಮಾಡಿದ್ದು. ನೆರೆ ಬಂದಾಗ ‘ಪ್ರಕೃತಿ ವಿಕೋಪ’ ಅಂತ ಪತ್ರಿಕೆ ಬರೆಯುತ್ತೆ. ಮಳೆ ಪ್ರಕೃತಿಯದ್ದು ಸರಿ, ತಗ್ಗು ಯಾರದ್ದು?

ಮುನಿಸಿಪಾಲಿಟಿ ಕೈಯಲ್ಲಿ ಏನಿದೆ ಅಂತ ಕೇಳಿ. 1992ರ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ಅದರಿಂದ ಸಂವಿಧಾನಕ್ಕೆ ಸೇರಿದ 12ನೇ ಅನುಸೂಚಿಯಲ್ಲಿ 18 ಕೆಲಸಗಳಿವೆ. ಪಟ್ಟಣದ ಯೋಜನೆ, ಕಟ್ಟಡ ನಿಯಂತ್ರಣ, ನೀರು, ಆರೋಗ್ಯ, ಚರಂಡಿ, ಕೊಳೆಗೇರಿ ಸುಧಾರಣೆ, ಉದ್ಯಾನ, ಪರಿಸರ ರಕ್ಷಣೆ, ಸ್ಮಶಾನ. ಹವಾಮಾನ ಬದಲಾವಣೆ ಅನ್ನುವ ಪದ ಅಲ್ಲಿಲ್ಲ. ಬೇಕಾಗಿಯೂ ಇಲ್ಲ. ನೀರು, ನೆರಳು, ಚರಂಡಿ, ಸೂರು ಇಷ್ಟನ್ನು ಸರಿಯಾಗಿ ಮಾಡಿದರೆ ಅದೇ ಸಿದ್ಧತೆ. ತುರುವೇಕೆರೆ ಪಟ್ಟಣ ಪಂಚಾಯಿತಿಗಾಗಲಿ, ಚಿಕ್ಕನಾಯಕನಹಳ್ಳಿ ಪುರಸಭೆಗಾಗಲಿ, ತಿಪಟೂರು ನಗರಸಭೆಗಾಗಲಿ ಇದಕ್ಕೆ ಹೊಸ ಕಾನೂನು ಬೇಡ.

ಆದರೆ ಕಾಗದದ ಮೇಲಿನ ಠರಾವು ಒಂದು, ಕೊಳಾಯಿಯ ನೀರು ಇನ್ನೊಂದು. ಇದನ್ನು ನಮಗಿಂತ ಚೆನ್ನಾಗಿ ಯಾರು ಬಲ್ಲರು? ಮಹಾಡ್ ನೆನಪು ಮಾಡಿಕೊಳ್ಳಿ. 1923ರಲ್ಲಿ ಮುಂಬಯಿ ಶಾಸನ ಸಭೆ ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಮುಕ್ತ ಅಂತ ನಿರ್ಣಯ ಮಾಡಿತು. ಮರುವರ್ಷ ಮಹಾಡ್ ಮುನಿಸಿಪಾಲಿಟಿ ಚವ್‌ದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ಠರಾವು ಹಾಕಿತು. ಮೂರು ವರ್ಷ ಆ ಠರಾವು ಕಡತದಲ್ಲಿ ಮಲಗಿತ್ತು. 1927ರ ಮಾರ್ಚ್ 20ರಂದು ಬಾಬಾ ಸಾಹೇಬರು ಜನರ ಜೊತೆ ನಡೆದು ಹೋಗಿ ಬೊಗಸೆ ನೀರು ಕುಡಿದಾಗ ಅದಕ್ಕೆ ಜೀವ ಬಂತು. ಜೀವ ಬಂದ ಕೂಡಲೇ ಅದೇ ವರ್ಷ ಆಗಸ್ಟಿನಲ್ಲಿ ಅದೇ ಮುನಿಸಿಪಾಲಿಟಿ ತನ್ನ ಠರಾವನ್ನು ತಾನೇ ರದ್ದು ಮಾಡಿತು! ಮಲಗಿದ್ದ ಠರಾವು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ ನೋಡಿ. ಹೈಕೋರ್ಟಿನಲ್ಲಿ ನಮ್ಮ ಕಡೆ ತೀರ್ಪು ಬರುವಾಗ 1937.

ಅದೇ ಮಹಾಡ್ 2021ರ ಜುಲೈನಲ್ಲಿ ಸಾವಿತ್ರಿ ನದಿಯ ನೆರೆಯಲ್ಲಿ ಮುಳುಗಿತು. ಆ ತಾಲ್ಲೂಕಿನ ತಳಿಯೆ ಹಳ್ಳಿಯ ಮೇಲೆ ಗುಡ್ಡ ಕುಸಿದು 80ಕ್ಕೂ ಹೆಚ್ಚು ಜನ ಸತ್ತರು. ನೀರು ಮುಟ್ಟಲು ಹೋರಾಡಿದ ಊರಿಗೆ ನೀರೇ ನುಗ್ಗಿದ ಕಾಲ ಇದು. ಹೋರಾಟ ಹಳೆಯದಾಯಿತು ಅಂತ ಯಾರೂ ತಿಳಿಯಬೇಡಿ. ನೀರು ಯಾರ ಮಾತು ಕೇಳುತ್ತೆ ಅನ್ನುವುದೇ ಆಗಲೂ ಪ್ರಶ್ನೆ, ಈಗಲೂ ಪ್ರಶ್ನೆ.

ನಮ್ಮ ಸೀಮೆಗೆ ಬರೋಣ. ಇಲ್ಲಿ ಕೆರೆಗಳು ಒಂದಕ್ಕೊಂದು ಸರಪಳಿ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ಬಿಡುವುದು, ಏರಿ ಎಲ್ಲಿ ಜಿನುಗುತ್ತಿದೆ ಅಂತ ರಾತ್ರಿ ಕಂದೀಲು ಹಿಡಿದು ನೋಡುವುದು ನೀರುಗಂಟಿಯ ಕೆಲಸ. ಹಳೆ ಮೈಸೂರಿನ ಬಹಳ ಊರುಗಳಲ್ಲಿ ಈ ನೀರುಗಂಟಿ, ತೋಟಿ ಕೆಲಸ ನಮ್ಮ ಜನರದ್ದೇ. ಇಡೀ ಊರಿನ ನೀರಿನ ಲೆಕ್ಕ ಅವನ ತಲೆಯಲ್ಲಿ. ಆದರೆ ಊರ ಬಾವಿಯಿಂದ ಒಂದು ಕೊಡ ಸೇದುವ ಹಾಗಿಲ್ಲ! ಆ ವಿದ್ಯೆಗೆ ‘ಇಂಜಿನಿಯರಿಂಗ್’ ಅಂತ ಯಾರೂ ಹೆಸರಿಡಲಿಲ್ಲ. ಈಗ ದೊಡ್ಡ ದೊಡ್ಡ ಸಂಸ್ಥೆಗಳವರು ‘ಸಾಂಪ್ರದಾಯಿಕ ಜಲಜ್ಞಾನ’ ಅಂತ ಹುಡುಕಿಕೊಂಡು ಬರ್ತಾರೆ. ಬರಲಿ. ಆ ಜ್ಞಾನದ ಜೊತೆಗೇ ಇದ್ದ ಅವಮಾನವನ್ನೂ ಬರೆದುಕೊಳ್ಳಲಿ.

1983ರಲ್ಲಿ ನಜೀರ್ ಸಾಬರು ಗ್ರಾಮೀಣಾಭಿವೃದ್ಧಿ ಮಂತ್ರಿಯಾದರು. ಊರೂರಿಗೆ ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಅಂತ ಹೆಸರಾದರು. ಈಗಿನ ಪರಿಸರದವರು ಬೋರ್‌ವೆಲ್ ಅಂದರೆ ಭೂಮಿಗೆ ಹೊಡೆದ ಗಾಯ ಅಂತಾರೆ. ಇರಬಹುದು. ಆದರೆ ಕೇರಿಯ ಹೆಣ್ಣುಮಗಳಿಗೆ ಆ ಕೈಪಂಪು ಏನಾಗಿತ್ತು? ಬಾವಿಕಟ್ಟೆಯ ಕೆಳಗೆ ಕೊಡ ಇಟ್ಟು, ಯಾರಾದರೂ ಬಂದು ಮೇಲಿನಿಂದ ಹೊಯ್ಯಲಿ ಅಂತ ಕಾಯುವುದನ್ನು ಅದು ನಿಲ್ಲಿಸಿತು. ಯಾರ ಕೈಯನ್ನೂ ಕಾಯದೆ ತನ್ನ ಕೈಯಿಂದಲೇ ಒತ್ತಿದರೆ ನೀರು. ನಮಗೆ ಬೋರ್‌ವೆಲ್ ಮೊದಲು ಸ್ವಾಭಿಮಾನ, ಆಮೇಲೆ ನೀರು. ಇದನ್ನು ತಿಳಿಯದವರು ನಮಗೆ ಅಂತರ್ಜಲದ ಪಾಠ ಹೇಳಲು ಬರಬಾರದು.

ಆದರೆ ಪಾಠ ಕಲಿಯಲೇಬೇಕಾಗಿದೆ, ನಮ್ಮದೇ ಕಾರಣಕ್ಕೆ. ಕೈಪಂಪು ಎತ್ತುವ ಆಳಕ್ಕೆ ಒಂದು ಮಿತಿ ಇದೆ. ತೋಟದವನ ಮೋಟಾರಿಗೆ ದುಡ್ಡಿರುವ ತನಕ ಮಿತಿ ಇಲ್ಲ. ತೆಂಗು ಒಣಗುತ್ತೆ ಅಂತ ಅವನು ಇನ್ನೂ ಆಳಕ್ಕೆ ಕೊರೆದ, ಪಕ್ಕದವನು ಅದಕ್ಕಿಂತ ಆಳಕ್ಕೆ ಕೊರೆದ. ಮೊದಲು ಬತ್ತಿದ್ದು ಕೇರಿಯ ಪಂಪು. ಕಂಡವರ ಬಾವಿಯಿಂದ ಬಿಡುಗಡೆ ಕೊಟ್ಟ ನೀರು ಸದ್ದಿಲ್ಲದೆ ಮತ್ತೆ ಕಂಡವರ ಬೋರಿಗೆ ಸೇರಿಕೊಂಡಿತು. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಬರದಲ್ಲಿ ಮನೆ ಬಾಗಿಲಿಗೆ ಬರುವುದು ಟ್ಯಾಂಕರ್. ಟ್ಯಾಂಕರ್ ಬೀದಿಯ ಯಾವ ತುದಿಯಲ್ಲಿ ಮೊದಲು ನಿಲ್ಲುತ್ತೆ, ಯಾರ ಡ್ರಮ್ಮು ತುಂಬಿದ ಮೇಲೆ ಪೈಪು ಕೊನೆ ತುದಿಗೆ ಬರುತ್ತೆ ಅನ್ನುವುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲೂ ಇದೇ ಆಯಿತು. ಸರ್ಕಾರದ ಸುಮಾರು 14,000 ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಅಂತ ಸರ್ಕಾರವೇ ಹೇಳಿತು. ಟ್ಯಾಂಕರಿನವರು ಬಾಯಿಗೆ ಬಂದ ರೇಟು ಹೇಳತೊಡಗಿದಾಗ ಜಿಲ್ಲಾಡಳಿತ ದರ ಕಟ್ಟಿತು: 5 ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ. ಒಳ್ಳೆಯದು. ಅಪಾರ್ಟ್‌ಮೆಂಟಿನವರು ಕೂಗಿದಾಗ ದರ ಕಟ್ಟಲು ಬರುತ್ತದೆ ಅಂದ ಮೇಲೆ, ತುರುವೇಕೆರೆಯ ಕಾಲೋನಿಗೂ ಬರಲೇಬೇಕಲ್ಲ? ಬೇಸಿಗೆಗೆ ಮೊದಲೇ ಟ್ಯಾಂಕರಿನ ದರ, ದಿನ, ಹೊತ್ತು, ನಿಲ್ಲುವ ಜಾಗ ಬರೆದು ವಾರ್ಡಿನ ಗೋಡೆಗೆ ಅಂಟಿಸಿ ಅಂತ ಕೇಳುವುದಕ್ಕೆ ಯಾವ ತಜ್ಞರೂ ಬೇಡ. ನಮ್ಮ ಸೀಮೆಯ ಪಟ್ಟಣಗಳು ಹೇಮಾವತಿ ನಾಲೆಯನ್ನೂ ಆ ನಾಲೆಯಿಂದ ತುಂಬುವ ಕೆರೆಗಳನ್ನೂ ನಂಬಿವೆ. ಗೊರೂರಿನಲ್ಲಿ ನೀರು ಇಲ್ಲದ ವರ್ಷ ಏನು ಮಾಡ್ತೀರಿ ಅಂತ ಈಗಲೇ ಕೇಳಬೇಕು. ನಾಲೆಯ ನೀರಿಗಾಗಿ ತಾಲ್ಲೂಕು ತಾಲ್ಲೂಕುಗಳೇ ಜಗಳಕ್ಕೆ ನಿಂತಾಗ, ಎರಡೂ ಕಡೆ ಭೂಮಿ ಇಲ್ಲದವನ ಕೊಡದ ಬಗ್ಗೆ ಮಾತೇ ಬರೋದಿಲ್ಲ.

ಈಗ ಬಿಸಿಲು. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಬಿಸಿಗಾಳಿಯಿಂದ ಮಾಮೂಲಿಗಿಂತ 1,344 ಹೆಚ್ಚು ಸಾವು. ಇದು ಆಮೇಲೆ ಸಾವಿನ ರಿಜಿಸ್ಟರನ್ನು ಹಿಂದಿನ ವರ್ಷಗಳ ಜೊತೆ ಇಟ್ಟು ಕೂಡಿ ಕಳೆದಾಗ ಗೊತ್ತಾದ ಲೆಕ್ಕ. ಬಿಸಿಲಿನಲ್ಲಿ ಸತ್ತವನನ್ನು ಎದೆನೋವು, ವಾಂತಿಭೇದಿ ಅಂತ ಬರೆದು ಮುಗಿಸ್ತಾರೆ. ನೆರೆಗೆ ಫೋಟೋ ಇದೆ, ಬಿಸಿಲಿಗೆ ಫೋಟೋ ಇಲ್ಲ. 2013ರಲ್ಲಿ ಆ ನಗರಪಾಲಿಕೆ ಒಂದು ಬಿಸಿಗಾಳಿ ಯೋಜನೆ ಮಾಡಿತು. ಮುನ್ಸೂಚನೆ ಬಂದ ಕೂಡಲೇ ಆಸ್ಪತ್ರೆಗೆ, ಶಾಲೆಗೆ, ಕೊಳೆಗೇರಿಗೆ ಸುದ್ದಿ ಮುಟ್ಟಿಸುವುದು, ಬೀದಿಯಲ್ಲಿ ನೀರು ಇಡುವುದು, ಮಧ್ಯಾಹ್ನ ಪಾರ್ಕಿನ ಬಾಗಿಲು ತೆಗೆದಿಡುವುದು, ಆಮೇಲೆ ಬಡವರ ಮನೆ ಮೇಲೆ ಬಿಳಿ ಬಣ್ಣ ಬಳಿಯುವುದು. ರಾಕೆಟ್ ವಿಜ್ಞಾನ ಏನಿದೆ ಇದರಲ್ಲಿ? ಪಾರ್ಕಿನ ಬೀಗದ ಕೈ, ಸುಣ್ಣದ ಬಕೆಟ್ಟು. ಮೊದಲ ದೊಡ್ಡ ನಗರ ಅದು ಮಾಡಿದ್ದಕ್ಕೆ ಆಮೇಲೆ ದೇಶದ ಎಷ್ಟೋ ನಗರ, ರಾಜ್ಯಗಳು ಅದನ್ನೇ ನಕಲು ಮಾಡಿದವು.

ಇನ್ನೊಂದು ಉದಾಹರಣೆ ಕರಿಯರ ಊರಿನದ್ದು. 1995ರ ಜುಲೈನಲ್ಲಿ ಅಮೆರಿಕಾದ ಶಿಕಾಗೊದಲ್ಲಿ ಒಂದು ವಾರದ ಬಿಸಿಗಾಳಿಗೆ 739 ಜನ ಹೆಚ್ಚುವರಿಯಾಗಿ ಸತ್ತರು. ಜಗತ್ತಿನ ಅತ್ಯಂತ ಶ್ರೀಮಂತ ದೇಶದಲ್ಲಿ! ಸತ್ತವರಲ್ಲಿ ಹೆಚ್ಚಿನವರು ಒಂಟಿ ಮುದುಕರು, ಬಡವರು, ಕರಿಯರು. ಸಮಾಜಶಾಸ್ತ್ರಜ್ಞರು ಹೋಗಿ ನೋಡಿದಾಗ ಕಂಡದ್ದೇನು? ಬೀದಿಯಲ್ಲಿ ಅಂಗಡಿ ಇದ್ದು, ಜನ ಓಡಾಡುತ್ತಾ, ಅಕ್ಕಪಕ್ಕದವರು ಬಾಗಿಲು ತಟ್ಟಿ ವಿಚಾರಿಸುವ ಬಡ ಬಡಾವಣೆಗಳಲ್ಲಿ ಸಾವು ಕಡಿಮೆ. ಮನೆಗಳು ಪಾಳು ಬಿದ್ದು, ಅಂಗಡಿ ಮುಚ್ಚಿ, ಜನ ಭಯದಿಂದ ಬಾಗಿಲು ಹಾಕಿಕೊಂಡಿದ್ದ ಕಡೆ ಹೆಚ್ಚು. ಆ ಬೀದಿಗಳನ್ನು ಪಾಳು ಬಿಟ್ಟವರೂ ನಗರವನ್ನು ಆಳುವವರೇ.

ನಮ್ಮಲ್ಲಿ ಹಿಂದೆ ತೆಂಗಿನ ಗರಿಯ ಗುಡಿಸಲಿತ್ತು. ಒಳಗೆ ತಣ್ಣಗಿತ್ತು, ನಿಜ. ಅದಕ್ಕೇ ಕೆಲವರು ‘ಹಳೆ ಕಾಲದ ಮನೆಯೇ ಚೆಂದ’ ಅಂತ ಹಾಡ್ತಾರೆ. ಅವರು ಮಳೆಗಾಲದಲ್ಲಿ ಅದರಲ್ಲಿ ಮಲಗಿಲ್ಲ, ಬೇಸಿಗೆಯಲ್ಲಿ ಕೇರಿಗೆ ಬೆಂಕಿ ಬಿದ್ದಾಗ ಮಕ್ಕಳನ್ನು ಎತ್ತಿಕೊಂಡು ಓಡಿಲ್ಲ. ಗುಡಿಸಲಿಗೆ ನಾವು ವಾಪಸು ಹೋಗೋದಿಲ್ಲ. ಆದರೆ ಸರ್ಕಾರ ಕೊಟ್ಟ ಮನೆ ತಗ್ಗು ಗೋಡೆ, ಸಣ್ಣ ಕಿಟಕಿ, ಮೇಲೆ ಶೀಟು. ಏಪ್ರಿಲ್ ಮಧ್ಯಾಹ್ನ ಅದು ಒಲೆ. ಆಶ್ರಯ ಮನೆಯ ನಕ್ಷೆ ಮಾಡುವಾಗ ಎದುರುಬದುರು ಕಿಟಕಿ, ಎತ್ತರದ ಸೂರು, ಮುಂದೆ ಎರಡು ಹೊಂಗೆ ಗಿಡಕ್ಕೆ ಜಾಗ ಇರಲಿ ಅಂತ ಕೇಳುವುದು ಐಷಾರಾಮ ಅಲ್ಲ. ಈಗಿರುವ ಮನೆಯ ಮೇಲೆ ಬೇಸಿಗೆಗೆ ಮುಂಚೆ ಬಿಳಿ ಸುಣ್ಣ ಬಳಿದರೆ ಬಿಸಿಲು ಅಷ್ಟು ವಾಪಸು ಹೋಗುತ್ತೆ. ನಿಮ್ಮ ಹಾಸ್ಟೆಲಿನ ತಾರಸಿಯಿಂದಲೇ ಶುರು ಮಾಡಿ.

ಬಿಸಿಲಿನ ಇನ್ನೊಂದು ವಿಚಾರ. ಕಲಬುರಗಿ ವಿಭಾಗದಲ್ಲೂ ವಿಜಯಪುರ, ಬಾಗಲಕೋಟೆಯಲ್ಲೂ ಬೇಸಿಗೆಯ ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ಅಂತ ಆದೇಶ ಮಾಡುವ ರೂಢಿ ಬಹಳ ಕಾಲದಿಂದ ಇದೆ. ಫ್ಯಾನಿನ ಕೆಳಗೆ ಕೂತವರ ಹೊತ್ತು ಬದಲಾಯಿಸಲು ಸರ್ಕಾರಕ್ಕೆ ಗೊತ್ತು. ರಸ್ತೆ ಗುಡಿಸುವವರದ್ದು, ಡಾಂಬರು ಹಾಕುವವರದ್ದು, ಬಿಸಿಲಿನಲ್ಲಿ ಕಾಯಿ ಸುಲಿಯುವವರದ್ದು, ನಾರಿನ ಫ್ಯಾಕ್ಟರಿಯ ಹೆಂಗಸರದ್ದು? ಕೂಲಿ ಕಡಿಯದೆ ಮಧ್ಯಾಹ್ನದ ಬಿಡುವು, ನೆರಳು, ಕುಡಿಯುವ ನೀರು. ಗುತ್ತಿಗೆಯ ಕರಾರಿನಲ್ಲೇ ಇದನ್ನು ಬರೆಯಲು ಪುರಸಭೆಗೆ ಯಾರ ಅಡ್ಡಿಯೂ ಇಲ್ಲ.

ಮಳೆಯ ವಿಚಾರಕ್ಕೆ ಬಂದರೆ ಮೈ ಉರಿಯುತ್ತೆ. ಎಲ್ಲ ನಗರಗಳ ಹವಾಮಾನ ಯೋಜನೆಯಲ್ಲೂ ಒಂದು ಸಾಲು ಇದ್ದೇ ಇರುತ್ತೆ: ಮಳೆಗಾಲಕ್ಕೆ ಮುನ್ನ ಚರಂಡಿ, ರಾಜಕಾಲುವೆಗಳ ಹೂಳು ತೆಗೆಯುವುದು. ಸರಿ, ಯಾರ ಕೈಯಿಂದ? ಆ ಸಾಲಿನಲ್ಲಿ ಕರ್ತೃಪದ ಇರೋದಿಲ್ಲ. ನಾನು ನಿಮಗೆ ಹೇಳ್ತೀನಿ, ಆ ಕರ್ತೃಪದದಲ್ಲಿ ಇರುವವನು ನಿಮ್ಮ ಮಾವ, ನಿಮ್ಮ ಚಿಕ್ಕಪ್ಪ. 1970ರ ದಶಕದ ಆರಂಭದಲ್ಲಿ ಪೌರಾಡಳಿತ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಲ್ಲಿಸಲು ಆಜ್ಞೆ ಮಾಡಿದರು. 1976ರ ಐ.ಪಿ.ಡಿ. ಸಾಲಪ್ಪ ವರದಿ 500 ಜನಕ್ಕೆ ಒಬ್ಬ ಪೌರಕಾರ್ಮಿಕ ಬೇಕು ಅಂದಿತು. ಬಹಳ ವರ್ಷದ ಮೇಲೆ ಸರ್ಕಾರ ಅದನ್ನು 700ಕ್ಕೆ ಒಬ್ಬರು ಅಂತ ಏರಿಸಿತು. ಮಲಗುಂಡಿಗೆ ಮನುಷ್ಯನನ್ನು ಇಳಿಸುವುದು 2013ರ ಕಾಯ್ದೆ ಪ್ರಕಾರ ಅಪರಾಧ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹಾಗೆ ಸತ್ತವರ ಮನೆಯವರಿಗೆ 30 ಲಕ್ಷ ಪರಿಹಾರ ಅಂತ ಹೇಳಿತು. ಮಳೆ ಜೋರಾಗಿ, ಮೋರಿ ಕಟ್ಟಿಕೊಂಡು, ದೊಡ್ಡವರ ಮನೆಗೆ ನೀರು ನುಗ್ಗಿದ ರಾತ್ರಿ ಈ ಕಾಯ್ದೆಗಳೆಲ್ಲ ಎಲ್ಲಿರ್ತವೆ? ಮಳೆ ಹೆಚ್ಚಾದಷ್ಟೂ ‘ಇಳಿಯೋ’ ಅನ್ನುವ ಒತ್ತಡ ಹೆಚ್ಚು. ಆದ್ದರಿಂದ ಹೀರುವ ಯಂತ್ರ, ಜೆಟ್ಟಿಂಗ್ ಯಂತ್ರ, ಗಂಬೂಟು, ಖಾಯಂ ನೌಕರಿ, ಇವೇ ಹವಾಮಾನ ಸಿದ್ಧತೆಯ ಮೊದಲ ಬಾಬ್ತು. ಗಿಡ ನೆಡುವ ಫೋಟೋ ಆಮೇಲೆ ತೆಗೆಯಲಿ.

ಇನ್ನೊಂದು ಮೋಸದ ಬಗ್ಗೆ ಎಚ್ಚರ. ರಾಜಕಾಲುವೆ ಒತ್ತುವರಿ ತೆರವು ಅಂತ ಬುಲ್ಡೋಜರು ಹೊರಟರೆ ಅದು ಮೊದಲು ಯಾರ ಮನೆ ಹತ್ತಿರ ನಿಲ್ಲುತ್ತೆ? ಕಾಲುವೆ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಅದು ಉಳಿದರೆ ಮುಳುಗುವುದು ತಪ್ಪುವುದು ನಮಗೇ. ಆದರೆ ಗತಿ ಇಲ್ಲದೆ ಅಂಚಿನಲ್ಲಿ ಗುಡಿಸಲು ಹಾಕಿದವನೂ, ಕಾಲುವೆಯನ್ನೇ ಮುಚ್ಚಿ ಕಲ್ಯಾಣ ಮಂಟಪ ಕಟ್ಟಿದವನೂ ಒಂದೇ ನೋಟೀಸಿನಲ್ಲಿ ಬರಬಾರದು. ಮೊದಲು ಬದಲಿ ನಿವೇಶನ, ಆಮೇಲೆ ತೆರವು. ಆ ನಿವೇಶನ ಮತ್ತೊಂದು ತಗ್ಗಿನಲ್ಲಿ ಇರಬಾರದು.

ಯೋಜನೆ ಇಲ್ಲವಾ ಅಂದರೆ ಇದೆ. 2023ರ ನವೆಂಬರಿನಲ್ಲಿ ಬೆಂಗಳೂರಿನ ಪಾಲಿಕೆ ದೊಡ್ಡದೊಂದು ಹವಾಮಾನ ಕ್ರಿಯಾ ಯೋಜನೆ ಬಿಡುಗಡೆ ಮಾಡಿತು. 2050ರ ಹೊತ್ತಿಗೆ ಹೊಗೆ ಬಿಡುವುದೂ ಹೀರುವುದೂ ಸಮ ಆಗಬೇಕು ಅನ್ನುವುದು ಅದರ ಗುರಿ. ಪುಸ್ತಕ ಚೆನ್ನಾಗಿದೆ, ಓದಬೇಕು. ಆದರೆ ಅದು ಬಂದಾಗ ಪಾಲಿಕೆಯಲ್ಲಿ ಒಬ್ಬನೇ ಒಬ್ಬ ಚುನಾಯಿತ ಸದಸ್ಯ ಇರಲಿಲ್ಲ. ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದಿತ್ತು. 2025ರಲ್ಲಿ ಆ ಪಾಲಿಕೆಯೇ ಹೋಗಿ ಐದು ಪಾಲಿಕೆಗಳಾದವು. ನಮ್ಮ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಮೀಸಲಾತಿಯಿಂದ ಗೆದ್ದ ನಮ್ಮ ಹೆಣ್ಣುಮಗಳು ಕುರ್ಚಿ ಮೇಲೆ ಕೂತು ‘ನಮ್ಮ ಕೇರಿ ಚರಂಡಿ ಎಲ್ಲಿ’ ಅಂತ ಕೇಳುವ ಸಭೆಯೇ ಇಲ್ಲದ ಮೇಲೆ ಯೋಜನೆ ಯಾರಿಗೆ ಉತ್ತರ ಹೇಳುತ್ತೆ?

ದುಡ್ಡಿಲ್ಲ ಅಂತಾರೆ. ನಗರ ಸ್ಥಳೀಯ ಸಂಸ್ಥೆಗಳು ತಮ್ಮ ನಿಧಿಯಲ್ಲಿ ಶೇ. 24.10ನ್ನು ಪರಿಶಿಷ್ಟ ಜಾತಿ, ಪಂಗಡಗಳಿಗೆ ಎತ್ತಿಡಬೇಕು ಅಂತ ಇದೆ. 2021–26ರ ಅವಧಿಗೆ 15ನೇ ಹಣಕಾಸು ಆಯೋಗ ಸಣ್ಣ ಪಟ್ಟಣಗಳಿಗೆ ಕೊಟ್ಟ ಅನುದಾನದಲ್ಲಿ ಶೇ. 60 ಕುಡಿಯುವ ನೀರು, ಮಳೆನೀರು ಕೊಯ್ಲು, ನೈರ್ಮಲ್ಯಕ್ಕೇ ಮೀಸಲು. ಆ ಹಣ ಎಲ್ಲಿ ಖರ್ಚಾಯಿತು? ಊರ ಮುಂದಿನ ವೃತ್ತಕ್ಕೆ ದೀಪ ಹಾಕಿ ಅದನ್ನು ಕಾಲೋನಿಯ ಲೆಕ್ಕಕ್ಕೆ ಬರೆದಿದ್ದಾರಾ? ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಸಾಕು.

ನೀವು ಮಾಡಬಹುದಾದ ಕೆಲಸ ಹೇಳಿ ನಿಲ್ಲಿಸ್ತೀನಿ. ಕರ್ನಾಟಕದಲ್ಲಿ ಪ್ರತಿ ಗ್ರಾಮ ಪಂಚಾಯಿತಿಗೂ ತಾನೇ ಮಳೆ ಅಳೆದು ಕಳಿಸುವ ಮಾಪಕ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅದನ್ನು ನಡೆಸುತ್ತೆ. 1988ರಲ್ಲಿ ಬರ ಉಸ್ತುವಾರಿಗೆ ಅಂತ ಶುರುವಾದ ಸಂಸ್ಥೆ ಅದು. ಅದರ ಅಂಕಿ ತೆಗೆದುಕೊಳ್ಳಿ. ಒಂದು ಹಾಳೆಯಲ್ಲಿ ನಿಮ್ಮ ಕೇರಿಯ ನಕ್ಷೆ ಬರೆಯಿರಿ. ಮಳೆ ಬಂದ ಮಾರನೇ ದಿನ ನೀರು ಯಾವ ಮನೆಯ ಯಾವ ಮೆಟ್ಟಿಲ ತನಕ ನಿಂತಿತ್ತು ಅಂತ ಗುರುತು ಹಾಕಿ, ತಾರೀಖು ಬರೆಯಿರಿ. ಬತ್ತಿದ ಪಂಪಿಗೊಂದು ಗುರುತು, ಟ್ಯಾಂಕರ್ ನಿಲ್ಲುವ ಜಾಗಕ್ಕೊಂದು ಗುರುತು, ಒಂಟಿಯಾಗಿರುವ ಮುದುಕಿಯರ ಮನೆಗೊಂದು ಗುರುತು. ಆ ನಕ್ಷೆಯನ್ನು ಅರ್ಜಿ ಜೊತೆ ಸೇರಿಸಿ ವಾರ್ಡ್ ಸಭೆಯಲ್ಲಿ ಕೊಡಿ, ಕ್ರಿಯಾ ಯೋಜನೆಗೆ ಸೇರಿಸಿ ಅಂತ ಕೇಳಿ, ನಡವಳಿ ಪುಸ್ತಕದಲ್ಲಿ ಬರೆಯುವ ತನಕ ಎದ್ದು ಬರಬೇಡಿ. ಅರ್ಜಿ ಎರಡು ಪ್ರತಿ ಮಾಡಿ. ಒಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಂಡು ಹಾಸ್ಟೆಲಿನಲ್ಲಿ ಇಟ್ಟುಕೊಳ್ಳಿ.